ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮಳೆಗಾಲ

ಹೋದ ತಿಂಗಳು ತಂಗಿಯ ಕಣ್ಣಿನ ಆಪರೇಶನ್ನಿಗೆಂದು ಮುಂಬಯಿಯ ಸಯನ್ನಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆಯಾ ಒಬ್ಬಳು ಫಿನಾಯಿಲ್ ನೀರಿನಲ್ಲಿ ನೆಲ ಒರೆಸುತ್ತ ಬಂದಳು. ಪಕ್ಕದ ಬಾತ್‌ರೂಮಿನಲ್ಲಿ ಯಾರೋ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಎರಡು ವಾಸನೆಗಳೂ ಕೂಡಿ ಮೂಗಿಗೆ ಬಡಿದಾಗ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಗೇಟಿನ ಹತ್ತಿರ ಬಂದು ನಿಂತೆ. "ಕ್ಯಾ ಹುವಾ, ಮಾಜಿ?" ಎಂದ ವಾಚ್‌ಮನ್. ಏನಿಲ್ಲವೆಂದು ತಲೆಯಾಡಿಸಿದೆ. ಐವತ್ತು ವರ್ಷದ ಹಿಂದಿನ ಒಂದು ಮಳೆಗಾಲ, ಒಂದು ಬಾವಿ, ಆ ಬಾವಿಯ ನೀರನ್ನು ಗಂಟಲಿನಿಂದ ಕೆಳಗೆ ಇಳಿಸಲಾರದ ಒಬ್ಬ ಬಸುರಿ ಹುಡುಗಿ. ಇದನ್ನೆಲ್ಲ ಅವನಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಆಗ ಎಪ್ಪತ್ತರ ದಶಕ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಮನೆ ಇದೇ ಸಯನ್ನಿನಲ್ಲಿತ್ತು. ಅಪ್ಪ ಗದಗದಿಂದ ಬಂದು ರೈಲ್ವೆಯಲ್ಲಿ ಕ್ಲಾರ್ಕ್ ಆಗಿದ್ದವರು. ನಾನು ಮಾಟುಂಗದ ಒಂದು ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸಂಶೋಧನೆಗೆ ಸೇರಿದ್ದೆ. ನಮ್ಮ ಲ್ಯಾಬಿನಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ನನ್ನ ವಿಷಯ ಫ್ಯಾಕ್ಟರಿಗಳ ಹೊಲಸು ನೀರನ್ನು ಶುದ್ಧಮಾಡುವುದು. "ಸುಧಾ ಏನ್ ಓದ್ತಾಳ ಅಂತ ಮಂದಿ ಕೇಳಿದ್ರ ಏನ್ ಹೇಳ್ಲೆವಾ? ಗಟಾರದ ನೀರ ಓದ್ತಾಳ ಅನ್ಲೇನು?" ಎಂದು ಅಮ್ಮ ರಾಗ ಎಳೆಯುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಮಾತ್ರ "ಸಾಯನ್ಸ್" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು.

ನನ್ನ ಗೈಡ್ ಸಬನೀಸ ಸರ್. ಪುಣೆಯ ಕಡೆಯವರು, ಮಿತಭಾಷಿ, ಸಿಟ್ಟು ಬಂದರೆ ಕನ್ನಡಕ ಒರೆಸಿಕೊಳ್ಳುವವರು. ಚೆಂಬೂರಿನ ಕಡೆ ಒಂದು ಫ್ಯಾಕ್ಟರಿ ಇತ್ತು. ಕರೆಂಟಿನ ಸ್ವಿಚ್ಚು, ಕುಕ್ಕರಿನ ಹಿಡಿಕೆ ಮುಂತಾದವನ್ನು ಮಾಡುವ ಕರಿಯ ಗಟ್ಟಿ ರಾಳವನ್ನು ಅಲ್ಲಿ ತಯಾರಿಸುತ್ತಿದ್ದರು. ಅದರಿಂದ ಹೊರಗೆ ಬರುವ ನೀರಿನಲ್ಲಿ ಫಿನಾಲ್ ಎಂಬ ವಿಷ ಇರುತ್ತಿತ್ತು. ಅದನ್ನು ತೆಗೆಯುವ ದಾರಿ ಹುಡುಕಿಕೊಡಿ ಎಂದು ಆ ಫ್ಯಾಕ್ಟರಿಯವರೇ ಸರ್ ಅವರನ್ನು ಕೇಳಿದ್ದರು. ಕೇಳದಿದ್ದವರೇ ಹೆಚ್ಚಾಗಿದ್ದ ಕಾಲದಲ್ಲಿ ಕೇಳಿದರಲ್ಲ ಎಂಬ ಗೌರವ ನಮಗೆಲ್ಲ ಇತ್ತು.

ನಮ್ಮ ದಾರಿ ಕ್ಯಾಟಲಿಸ್ಟಿನದು. ಬಟಾಣಿ ಗಾತ್ರದ ಬಿಳಿ ಗುಂಡುಗಳನ್ನು ತಾಮ್ರದ ನೀಲಿ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕುಲುಮೆಯಲ್ಲಿಟ್ಟರೆ ಕಪ್ಪಗಾಗಿ ಹೊರಬರುತ್ತವೆ. ಅವನ್ನು ಒಂದು ಉಕ್ಕಿನ ಕೊಳವೆಗೆ ತುಂಬಿ, ಫಿನಾಲ್ ಇರುವ ನೀರನ್ನು ಚೆನ್ನಾಗಿ ಕಾಯಿಸಿ, ಗಾಳಿಯ ಜೊತೆ ಅದರೊಳಗೆ ಹಾಯಿಸಬೇಕು. ಬರಿಯ ಗಾಳಿ ಮಾಡಲಾಗದ ಕೆಲಸ ಆ ಗುಂಡುಗಳ ಮೈಮೇಲೆ ಸಲೀಸಾಗಿ ನಡೆಯುತ್ತದೆ. ವಿಷ ಸುಟ್ಟು ಹೋಗುತ್ತದೆ, ಗುಂಡುಗಳು ಹಾಗೇ ಉಳಿಯುತ್ತವೆ. ಹೊರಬಂದ ನೀರಿಗೆ ನಮ್ಮ ಪರೀಕ್ಷೆಯ ದ್ರಾವಣ ಬೆರೆಸಿದರೆ ಬಣ್ಣ ಹೇಳಿಬಿಡುತ್ತದೆ. ಫಿನಾಲ್ ಇದ್ದರೆ ಕೆಂಪು, ಇಲ್ಲದಿದ್ದರೆ ನಸುಹಳದಿ.

ಆ ಬೇಸಗೆಯಲ್ಲಿ ನಾನೇ ಬಾಟ್ಲಿಯಿಂದ ಫಿನಾಲ್ ಅಳೆದು ಬೆರೆಸಿದ ನೀರನ್ನು ಹಾಯಿಸಿದಾಗ ಪ್ರತಿಸಲವೂ ನಸುಹಳದಿ ಬಂತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಭಾಸ್ಕರ ಉಡುಪಿಯ ಕಡೆಯವನು, ಅವನ ಸೋದರಮಾವ ಮಾಟುಂಗದಲ್ಲಿ ಹೋಟೆಲ್ ಇಟ್ಟಿದ್ದರು. "ನಿಮ್ಮ ಪಿಎಚ್‌ಡಿ ಆಯ್ತು ಮಾರಾಯ್ರೆ, ಇನ್ನು ಬರೆಯುವುದೊಂದೇ ಬಾಕಿ" ಎಂದು ಅವನು ಹೋಟೆಲಿನಿಂದ ಗೋಳಿಬಜೆ ತರಿಸಿದ. ಸಬನೀಸ ಸರ್ ಒಂದನ್ನು ಬಾಯಿಗೆ ಹಾಕಿಕೊಂಡು, "ಆತಾ ಖರಂ ಪಾಣೀ ಆಣಾ" ಎಂದರು. ಇನ್ನು ನಿಜವಾದ ನೀರು ತನ್ನಿ.

ನಿಜವಾದ ನೀರನ್ನು ತರಲು ಹೋದಾಗಲೇ ಕಾಶವ್ವನನ್ನು ನೋಡಿದ್ದು.

ಫ್ಯಾಕ್ಟರಿಯ ಹಿಂದೆ ಅದರ ಹೊಲಸು ನೀರು ಹರಿಯುವ ಒಂದು ನಾಲೆ. ನಾಲೆಯ ಆಚೆ ದೊಡ್ಡ ಬಿಲ್ಡಿಂಗುಗಳನ್ನು ಕಟ್ಟಲು ಪಾಯ ತೋಡುತ್ತಿದ್ದರು. ಆ ಕೆಲಸಕ್ಕೆಂದು ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದವರು ತಗಡು, ಗೋಣಿ, ಚಾಪೆ ಕಟ್ಟಿಕೊಂಡು ನಾಲೆಯ ದಂಡೆಯ ಮೇಲೆಯೇ ಇದ್ದರು. ಅವರ ನಡುವೆ ಒಂದು ಹಳೆಯ ಬಾವಿ. ನಾನು ಕಾಲು ಜಾರದಂತೆ ಬಗ್ಗಿ ನಾಲೆಯಿಂದ ಬಾಟ್ಲಿ ತುಂಬಿಸುತ್ತಿರುವಾಗ ಹಿಂದಿನಿಂದ ಒಂದು ದನಿ ಕೇಳಿತು.

"ಆ ಹೊಲಸ ನೀರ ಯಾಕ ತುಂಬ್ಕೊಳ್ಳಾಕತ್ತೀರಿ ಅಕ್ಕಾರ? ಕುಡ್ಯಾಕ ಬೇಕಂದ್ರ ಬಾವ್ಯಾಗ ಸೇದಿ ಕೊಡ್ತೀನ್ರಿ."

ಅವಳು ನನ್ನನ್ನು ಕನ್ನಡದವಳೆಂದು ಹೇಗೆ ಗುರುತಿಸಿದಳೋ ಗೊತ್ತಿಲ್ಲ. ಭಾಸ್ಕರನ ಜೊತೆ ಆಡಿದ ಮಾತು ಕಿವಿಗೆ ಬಿದ್ದಿರಬೇಕು. ನಲವತ್ತರ ಹೆಂಗಸು, ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಗಂಡ ತೀರಿಕೊಂಡಿದ್ದ. ಮಗಳು ರೇಣವ್ವ ಮತ್ತು ಅಳಿಯ ಜೊತೆಗಿದ್ದರು. ರೇಣವ್ವ ಚೊಚ್ಚಲ ಬಸುರಿ, ಹದಿನೆಂಟು ತುಂಬಿತ್ತೋ ಇಲ್ಲವೋ. ತಾಯಿಯ ಹಿಂದೆ ನಿಂತು ನನ್ನ ಬಾಟ್ಲಿಗಳನ್ನು, ಕೈಗಡಿಯಾರವನ್ನು ನೋಡಿ ನಗುತ್ತಿದ್ದಳು.

ಬಾವಿಯ ನೀರಿನದೂ ಒಂದು ಬಾಟ್ಲಿ ತುಂಬಿಕೊಂಡೆ. ಲ್ಯಾಬಿಗೆ ಬಂದು ನೋಡಿದರೆ ಅದೂ ಕೆಂಪಾಯಿತು. ನಾಲೆಯಷ್ಟು ಗಾಢವಾಗಿ ಅಲ್ಲ, ತೆಳುವಾಗಿ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ.

ಮುಂದಿನ ವಾರ ಹೋದಾಗ ಹೇಳಿದೆ. "ಕಾಶವ್ವಾ, ಬಾವಿ ನೀರಿನ್ಯಾಗ ಫ್ಯಾಕ್ಟರಿ ಔಷಧ ಸೇರೇದ. ಕುಡೀಬ್ಯಾಡ್ರಿ."

"ವಾಸನಿ ಬರ್ತದ್ರಿ, ನಮಗೂ ಗೊತ್ತದ. ಮಣ್ಣಿನ ಕೊಡದಾಗ ಒಂದ ದಿನ ಇಟ್ಟ ಕುಡಿತೀವಿ." ಆಮೇಲೆ ಅವಳೇ ಕೇಳಿದಳು, "ಮತ್ತ ಯಾವದ ಕುಡೀಬೇಕ್ರಿ?"

ರೈಲ್ವೆ ಹಳಿಯ ಆಚೆಗಿನ ಸಾಲುಮನೆಗಳ ಚಾಳಿನಲ್ಲಿ ನಲ್ಲಿ ಇತ್ತು. ಚಾಳಿನವರ ಸರದಿ ಮುಗಿದು ಇವರ ಪಾಳಿ ಬರುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ನಾನು ವಾರ್ಡ್ ಆಫೀಸಿಗೆ ಹೋಗಿ, ಅಲ್ಲೊಂದು ನಲ್ಲಿ ಹಾಕಿಸಿ ಎಂದು ಕೇಳಿದೆ. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟರು. ಆ ಜಾಗದಲ್ಲಿ ವಸತಿ ಇದೆ ಎಂಬುದೇ ದಾಖಲೆಯಲ್ಲಿಲ್ಲ, ಇಲ್ಲದ ಜಾಗಕ್ಕೆ ಪೈಪ್ ಹೇಗೆ ಎಳೆಯುವುದು ಎಂದರು. ಬಿಲ್ಡಿಂಗ್ ಕಟ್ಟಿಸುತ್ತಿದ್ದ ಕಂತ್ರಾಟುದಾರನ ಮುನೀಮ, ಸಿಮೆಂಟಿಗೆ ಟ್ಯಾಂಕರ್ ಬರುತ್ತದೆ, ಜನಕ್ಕೆ ಅಂತ ಹೇಳಿಲ್ಲ ಎಂದ.

ಇತ್ತ ಲ್ಯಾಬಿನಲ್ಲಿ ನನ್ನ ಕೊಳವೆ ಕೈಕೊಡತೊಡಗಿತು. ನಾಲೆಯ ನೀರು ಹಾಯಿಸಿದ ಮೊದಲ ದಿನ ನಸುಹಳದಿ ಬಂದದ್ದು ಸಂಜೆಯ ಹೊತ್ತಿಗೆ ಗುಲಾಬಿಯಾಯಿತು, ಮರುದಿನ ಕೆಂಪಾಯಿತು. ಹೊಸ ಗುಂಡು ತುಂಬಿದೆ. ಅದೇ ಕತೆ. ಕೊಳವೆ ಬಿಚ್ಚಿದರೆ ಗುಂಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಂದುಬಣ್ಣದ ಅಚ್ಚುಬೆಲ್ಲದ ಹಾಗೆ ಹೊರಬಂದವು. ನಿಜವಾದ ನೀರಿನಲ್ಲಿ ಫಿನಾಲ್ ಒಂದೇ ಇರಲಿಲ್ಲ. ಅರೆಬರೆ ಬೆಂದ ರಾಳವೂ ಇತ್ತು. ನನ್ನ ಕೊಳವೆಯ ಕಾವಿಗೆ ಅದು ಪೂರ್ತಿ ಬೆಂದು ಗುಂಡುಗಳ ಮೈಗೆ ಅರಗಿನಂತೆ ಮೆತ್ತಿಕೊಳ್ಳುತ್ತಿತ್ತು. ಫ್ಯಾಕ್ಟರಿಯಲ್ಲಿ ಬೇಕೆಂದು ಮಾಡುವ ಕೆಲಸವೇ ನನ್ನ ಕೊಳವೆಯಲ್ಲಿ ಬೇಡವೆಂದರೂ ಆಗುತ್ತಿತ್ತು. ಜೊತೆಗೆ ತಾಮ್ರವೂ ಸ್ವಲ್ಪಸ್ವಲ್ಪ ಕರಗಿ ನೀರಿಗೆ ಇಳಿಯುತ್ತಿತ್ತು. ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ಸೇರಿಸಿದ ಹಾಗೆ. ಸಬನೀಸ ಸರ್ ಕನ್ನಡಕ ಒರೆಸಿಕೊಂಡು, ರಾಳವನ್ನು ಮೊದಲೇ ಬೇರೆಮಾಡುವ ದಾರಿ ನೋಡಬೇಕು, ವರ್ಷವಾದರೂ ಬೇಕು ಎಂದರು.

ವರ್ಷ ಎಂಬ ಮಾತು ಕೇಳಿ ನನಗೆ ಕಾಶವ್ವನ ಕೊಡ ಕಣ್ಮುಂದೆ ಬಂತು. ಭಾಸ್ಕರನ ಹತ್ತಿರ ಹೇಳಿಕೊಂಡೆ.

"ಇದ್ದಿಲು ಆಗ್ತದಾ ನೋಡುವ," ಎಂದ ಅವನು. "ಇದ್ದಿಲು ಸ್ವಲ್ಪ ಹೀರ್ತದಲ್ಲ. ಮಾವನ ಹೋಟೆಲ್‌ನಲ್ಲಿ ಒಲೆಗೆ ಮೂಟೆಗಟ್ಟಲೆ ಉಂಟು. ಎಣ್ಣೆಯ ಖಾಲಿ ಡ್ರಮ್ ಸಹ ಉಂಟು."

ಮೇ ತಿಂಗಳ ಕೊನೆಯಲ್ಲಿ ನಾವಿಬ್ಬರೂ ಡ್ರಮ್ಮನ್ನು ತೊಳೆದು ಕೈಗಾಡಿಯಲ್ಲಿ ಅಲ್ಲಿಗೆ ಸಾಗಿಸಿದೆವು. ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಪುಡಿಮಾಡಿದ ಇದ್ದಿಲು. ಜಲ್ಲಿ, ಮರಳನ್ನು ಅಲ್ಲಿಯ ಹೆಂಗಸರೇ ತಂದು ತೊಳೆದು ಹಾಕಿದರು. ಮೇಲಿನಿಂದ ಬಾವಿ ನೀರು ಸುರಿದು ಕೆಳಗಿನ ನಳಿಕೆಯಲ್ಲಿ ಹಿಡಿದೆವು. ಮೊದಲ ಕೊಡ ಕರ್ರಗೆ ಬಂತು, ಎಲ್ಲರೂ ನಕ್ಕರು. ಆಮೇಲೆ ತಿಳಿಯಾಯಿತು. ನಾನು ಅಲ್ಲೇ ಪರೀಕ್ಷೆಯ ದ್ರಾವಣ ಬೆರೆಸಿದೆ. ನಸುಹಳದಿ. ರೇಣವ್ವ ಬೊಗಸೆಯಲ್ಲಿ ಹಿಡಿದು ಕುಡಿದು, "ಯವ್ವಾ, ವಾಸನೀನ ಇಲ್ಲ" ಎಂದಳು. ಬಸುರಾದಾಗಿನಿಂದ ಅವಳಿಗೆ ಆ ನೀರಿನ ವಾಸನೆಗೆ ಉಮ್ಮಳಿಸಿ ಬರುತ್ತಿತ್ತಂತೆ. ಆ ದಿನ ಹೊಟ್ಟೆ ತುಂಬ ಕುಡಿದಳು. ಸಂಜೆ ಕುರ್ಲಾದಲ್ಲಿ ಗಾಡಿ ಬದಲಿಸುವಾಗ ನಾನು ಸುಮ್ಮಸುಮ್ಮನೆ ನಗುತ್ತಿದ್ದೆನೆಂದು ಭಾಸ್ಕರ ಬಹಳ ದಿನ ಕಾಡಿಸಿದ.

ಹೋಟೆಲಿನ ಇದ್ದಿಲು ಎಷ್ಟು ಹೀರೀತು? ಅದಕ್ಕೆಂದೇ ಕಾರ್ಖಾನೆಯಲ್ಲಿ ತಯಾರಿಸುವ ಇದ್ದಿಲು ಬೇರೆ, ಒಲೆಯ ಇದ್ದಿಲು ಬೇರೆ. ಒಂದು ವಾರ ಕಳೆಯುವಷ್ಟರಲ್ಲಿ ನಳಿಕೆಯ ನೀರು ಮತ್ತೆ ಕೆಂಪಾಯಿತು. ಬದಲಿಸಿದೆವು. ಎರಡನೆಯ ಸಲ ಅಷ್ಟು ದಿನವೂ ನಡೆಯಲಿಲ್ಲ. ಭಾಸ್ಕರನ ಮಾವ ಒಳ್ಳೆಯವರೇ, ಆದರೆ ಮಳೆಗಾಲಕ್ಕೆಂದು ಕೂಡಿಟ್ಟ ಇದ್ದಿಲನ್ನು ಎಷ್ಟೆಂದು ಕೊಟ್ಟಾರು? "ಇಷ್ಟು ಮಂದಿಗೆ ಇದು ಸಾಲುವ ಕೆಲಸ ಅಲ್ಲ" ಎಂದು ಭಾಸ್ಕರನೇ ಒಂದು ದಿನ ತಲೆ ಕೆಳಗೆ ಹಾಕಿಕೊಂಡು ಹೇಳಿದ.

ಅಷ್ಟರಲ್ಲಿ ಮಳೆ ಬಂತು. ಮುಂಬಯಿಯ ಮಳೆ ಬಂದರೆ ಹೇಗೆಂದು ಗೊತ್ತಲ್ಲ. ಸಯನ್ನಿನಲ್ಲಿ ಹಳಿಗಳು ಮುಳುಗಿ ಲೋಕಲ್ ನಿಂತವು. ನಾಲೆ ಉಕ್ಕಿ ಬಾವಿಗೆ ನುಗ್ಗಿತು. ನಾವು ಇಟ್ಟಿದ್ದ ಡ್ರಮ್ ಉರುಳಿಬಿದ್ದು ಅರ್ಧ ಕೆಸರಿನಲ್ಲಿ ಹೂತಿತ್ತು. ಕುರ್ಲಾದ ಕಡೆ ಕಾಲರಾ ಎಂಬ ಸುದ್ದಿ ಹರಡಿತು. ಎರಡು ದಿನ ಮಳೆ ಹೊಳವಾದಾಗ ನಾನು ಅಲ್ಲಿಗೆ ಹೋದರೆ, ಬಾವಿಯ ಕಟ್ಟೆಯ ಸುತ್ತ ಮುನ್ಸಿಪಾಲಿಟಿಯ ಆಳುಗಳು ನಿಂತಿದ್ದರು. ಒಬ್ಬ ಚೀಲ ಬಿಚ್ಚಿ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸುತ್ತಿದ್ದ.

ನಾನು ಓಡಿದೆ. ಇನ್‌ಸ್ಪೆಕ್ಟರ್ ವಯಸ್ಸಾದ ಮರಾಠಿ ಮನುಷ್ಯ, ಮಳೆಯಲ್ಲಿ ನೆನೆದು ಮುದ್ದೆಯಾಗಿದ್ದ. ನನಗೆ ಬಂದ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಹೇಳಿದೆ. ಈ ಬಾವಿಯಲ್ಲಿ ಫಿನಾಲ್ ಇದೆ, ಅದರ ಮೇಲೆ ಇದನ್ನು ಹಾಕಿದರೆ ಎರಡೂ ಕೂಡಿ ಬೇರೆಯೇ ಒಂದಾಗುತ್ತದೆ, ಅದರ ವಾಸನೆಗೆ ಯಾರೂ ಆ ನೀರನ್ನು ಬಾಯಿಗೆ ತರಲಾರರು.

ಅವನು ತಾಳ್ಮೆಯಿಂದ ಕೇಳಿಸಿಕೊಂಡ. "ಬಾಯಿ, ವಾಸ್ ಸೇ ಆದ್ಮೀ ಮರ್ತಾ ಹೈ ಕ್ಯಾ? ಕಾಲರಾ ಸೇ ಮರ್ತಾ ಹೈ. ಮೈ ನಹೀ ಡಾಲೂಂಗಾ ತೋ ಕಲ್ ಜವಾಬ್ದಾರ್ ಕೌನ್?"

ವಾಸನೆಗೆ ಯಾರೂ ಸಾಯುವುದಿಲ್ಲ, ಕಾಲರಾಕ್ಕೆ ಸಾಯುತ್ತಾರೆ, ಹಾಕದಿದ್ದರೆ ನಾಳೆ ಯಾರು ಹೊಣೆ ಎಂದು ಅವನು ಹೇಳಿದ್ದು ಸರಿಯಾಗಿತ್ತು. ನಾನು ಹೇಳಿದ್ದೂ ಸರಿಯಾಗಿತ್ತು. ನಾಲೆಯ ಹೊಲಸು ನುಗ್ಗಿದ ಬಾವಿಗೆ ಪೌಡರ್ ಹಾಕಬೇಡಿ ಎಂದು ಯಾವ ಬಾಯಿಂದ ಹಟ ಹಿಡಿಯಲಿ? ಪಕ್ಕಕ್ಕೆ ಸರಿದು ನಿಂತೆ. ನನ್ನ ಕಣ್ಣೆದುರೇ ಬಕೆಟ್ ಬಾವಿಗೆ ಇಳಿಯಿತು.

ಮರುದಿನ ಆ ನೀರು ಆಸ್ಪತ್ರೆಯ ನೆಲ ತೊಳೆದ ನೀರಿನಂತಾಗಿತ್ತು. ಕಾಶವ್ವ ಒಂದು ಗುಟುಕು ಕುಡಿದು ಉಗುಳಿದಳು. ಅನ್ನಕ್ಕೂ ಅದೇ ವಾಸನೆ, ರೊಟ್ಟಿಗೂ ಅದೇ. "ಹುಡುಗೀಗೆ ಒಂದ ಹನಿ ಒಳಗ ನಿಂದ್ರವಲ್ದರಿ ಅಕ್ಕಾರ. ಕುಡದ್ಲಂದ್ರ ಕಕ್ತಾಳ. ಏನ್ ಮಾಡೂದ್ರಿ?"

"ಮಳಿ ನೀರ ಹಿಡದ ಇಟಗೋರಿ. ಯಾವ ನೀರಾದ್ರೂ ಕುದಿಸೇ ಕುಡೀರಿ ಕಾಶವ್ವಾ. ಗಳಗಳ ಕುದೀಬೇಕು."

"ಕುದಸಾಕ ಕಟ್ಟಿಗಿ ಎಲ್ಲದಾವ್ರಿ? ಎಲ್ಲಾ ತೊಯ್ದ ಹೋಗ್ಯಾವ. ಎರಡ ರೊಟ್ಟಿ ಸುಡೂದ ಕಷ್ಟ ಆಗೇದ."

ಮನೆಯಿಂದ ನಾನು ಎರಡು ದೊಡ್ಡ ಬಾಟ್ಲಿಗಳಲ್ಲಿ ಕುದಿಸಿದ ನೀರು ಒಯ್ದು ಕೊಟ್ಟೆ. ಒಂದು ದಿನಕ್ಕೂ ಸಾಲದ ನೀರು. ಮತ್ತೆ ಮಳೆ ಹಿಡಿದು ಮೂರು ದಿನ ಆ ಕಡೆ ಯಾವ ಬಸ್ಸೂ ಹೋಗಲಿಲ್ಲ.

ನೀರು ಇಳಿದ ಮೇಲೆ ಭಾಸ್ಕರನೂ ನಾನೂ ಬೆಳಿಗ್ಗೆಯೇ ಹೋದೆವು. ಗುಡಿಸಲಿನ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ಒಳಗೆ ರೇಣವ್ವ ಚಾಪೆಯ ಮೇಲೆ ಬಿದ್ದಿದ್ದಳು. ರಾತ್ರಿಯಿಡೀ ವಾಂತಿಭೇದಿಯಾಗಿ ಕಣ್ಣು ಗುಳಿಬಿದ್ದು, ಬೆರಳುಗಳ ಚರ್ಮ ಸುಕ್ಕುಗಟ್ಟಿ ಮುದುಕಿಯ ಕೈಯಂತಾಗಿತ್ತು. ಪಾಯಕ್ಕೆಂದು ತೋಡಿದ ಗುಂಡಿಯಲ್ಲಿ ಮಳೆನೀರು ನಿಂತಿತ್ತು, ಅದು ಕನ್ನಡಿಯ ಹಾಗೆ ತಿಳಿಯಾಗಿತ್ತು, ಯಾವ ವಾಸನೆಯೂ ಇರಲಿಲ್ಲ. ಅವಳು ಅದನ್ನೇ ಕುಡಿದಿದ್ದಳು. ಅದೇ ಗುಂಡಿಯ ಅಂಚಿನಲ್ಲಿ ಜನ ಬಯಲಿಗೆ ಕೂರುತ್ತಿದ್ದರು.

ಭಾಸ್ಕರ ಟ್ಯಾಕ್ಸಿ ತರಲು ಓಡಿದ. ಮೊದಲ ಟ್ಯಾಕ್ಸಿಯವನು ನೋಡಿ ಹೊರಟೇ ಹೋದ, ಎರಡನೆಯವನು ಸೀಟಿನ ಮೇಲೆ ಗೋಣಿ ಹಾಸಿಕೊಂಡು ಕೂರಿಸಿಕೊಂಡ. ಸರಕಾರಿ ಆಸ್ಪತ್ರೆಯ ವರಾಂಡದಲ್ಲೂ ಮಂಚಗಳು. ಡಾಕ್ಟರ್ ಹುಡುಗ ನನ್ನ ವಯಸ್ಸಿನವನೇ. ನರ ಸಿಗದೆ ಎರಡು ಸಲ ಚುಚ್ಚಿ, ಮೂರನೆಯ ಸಲಕ್ಕೆ ಸಲೈನ್ ಹತ್ತಿಸಿದ. ಕಾಶವ್ವ ಬಾಟ್ಲಿಯಿಂದ ಇಳಿಯುವ ಹನಿಗಳನ್ನೇ ನೋಡುತ್ತ ನಿಂತಿದ್ದಳು.

"ಅದೇನ್ರಿ ಅಕ್ಕಾರ, ನೀರೇನ್ರಿ?"

"ಹೌದು. ಉಪ್ಪ ಹಾಕಿದ ಶುದ್ಧ ನೀರು."

ನಾನು ಅಲ್ಲಿ ನಿಲ್ಲಲಾಗದೆ ಮೆಟ್ಟಿಲ ಮೇಲೆ ಹೋಗಿ ಕೂತೆ. ನನ್ನ ವಿದ್ಯೆಗೆ ಆ ಬಾವಿಯಲ್ಲಿ ಏನಿದೆಯೆಂದು ಗೊತ್ತಿತ್ತು, ಎಷ್ಟಿದೆಯೆಂದು ಗೊತ್ತಿತ್ತು, ಪೌಡರ್ ಬಿದ್ದರೆ ಏನಾಗುವುದೆಂದೂ ಗೊತ್ತಿತ್ತು. ಬೇಕಾದಾಗ ಅದರಿಂದ ಒಂದು ಕೊಡ ನೀರೂ ಬರಲಿಲ್ಲ.

ಮರುದಿನ ಮಧ್ಯಾಹ್ನ ಹೋದಾಗ ಕಾಶವ್ವ ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು. "ಹುಡುಗಿ ಉಳದಾಳ್ರಿ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಕೂಸು ಹೋತ್ರಿ. ಗಂಡಿತ್ತು." ನಾನು ಪಕ್ಕದಲ್ಲಿ ಕೂತೆ. ಅವಳ ಕೈ ಹಿಡಿದುಕೊಂಡೆ. ಗಾರೆ ತಿಂದು ಬಿರಿದ ಕೈ. ಅವಳೇ ನನಗೆ, "ಅಳಬ್ಯಾಡ್ರಿ, ನೀವೇನ್ ಮಾಡ್ತೀರಿ" ಎಂದಳು. ಆ ಮಾತು ಸಮಾಧಾನಕ್ಕೆ ಹೇಳಿದ್ದು. ಆದರೆ ನಿಜಕ್ಕೂ ನಾನೇನು ಮಾಡಬಲ್ಲವಳಾಗಿದ್ದೆ?

ಆಗಸ್ಟ್ ತಿಂಗಳಲ್ಲಿ ಸಬನೀಸ ಸರ್ ನನ್ನನ್ನು ಕರೆದುಕೊಂಡು ಫ್ಯಾಕ್ಟರಿಗೆ ಹೋದರು. ಮ್ಯಾನೇಜರ್ ಚಹಾ ತರಿಸಿದರು. ಸರ್ ರಾಳದ ತೊಂದರೆ ವಿವರಿಸಿದರು, ಇನ್ನೂ ಕೆಲಸವಿದೆ ಎಂದರು. ನಾನು ಬಾವಿಯ ಮಾತು ಎತ್ತಿದೆ, ರೇಣವ್ವನ ಕತೆಯನ್ನೂ ಹೇಳಿದೆ. ಮ್ಯಾನೇಜರ್ ಮುಖ ಸಣ್ಣದು ಮಾಡಿ ಪೂರ್ತಿ ಕೇಳಿದರು. "ಕಾಲರಾ ನಮ್ಮ ನೀರಿನಿಂದ ಬರುವುದಿಲ್ಲವಲ್ಲ" ಎಂದು ಮೆಲ್ಲಗೆ ಹೇಳಿದರು. ಅದನ್ನೂ ಅಲ್ಲಗಳೆಯುವಂತಿರಲಿಲ್ಲ. ಫಿನಾಲ್ ಕಾಲರಾ ತರುವುದಿಲ್ಲ ಎಂದು ಪುಸ್ತಕದಲ್ಲಿ ಓದಿದವಳು ನಾನೇ. ಸರ್ ಖಾಲಿಯಾದ ಕಪ್ಪನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ಮುಂದಿನ ಬೇಸಗೆಯಲ್ಲಿ ಫ್ಯಾಕ್ಟರಿಯವರು ಒಂದು ಉದ್ದನೆಯ ಪೈಪ್ ಹಾಕಿಸಿ ಹೊಲಸು ನೀರನ್ನು ನೇರವಾಗಿ ಖಾಡಿಗೆ, ಸಮುದ್ರದ ಹಿನ್ನೀರಿಗೆ, ಬಿಡತೊಡಗಿದರು. ನಾಲೆ ತಿಳಿಯಾಯಿತು. ಖಾಡಿಯಲ್ಲಿ ಮೀನು ಹಿಡಿಯುವ ಕೋಲಿ ಜಾತಿಯ ಬೆಸ್ತರಿಗೆ ಏನಾಯಿತೋ, ಅದನ್ನು ನೋಡುವ ಕೆಲಸ ನಮಗೆ ಯಾರೂ ಕೊಡಲಿಲ್ಲ. ನಮ್ಮ ಪ್ರಾಜೆಕ್ಟ್ ಅಲ್ಲಿಗೆ ನಿಂತಿತು. ಅಷ್ಟು ಕೆಲಸ ಹಾಳಾಗುವುದು ಬೇಡವೆಂದು ಸರ್ ನನಗೆ ಹೊಸ ದಾರಿ ಹೇಳಿಕೊಟ್ಟರು. ಕ್ಯಾಟಲಿಸ್ಟ್ ಹೇಗೆ ಕೆಲಸ ಮಾಡುತ್ತದೆಂದು ಎಲ್ಲರೂ ಬರೆಯುತ್ತಾರೆ, ನೀನು ಅದು ಹೇಗೆ ಸಾಯುತ್ತದೆಂದು ಬರೆ ಎಂದರು. ಸತ್ತ ಗುಂಡುಗಳನ್ನು ಸೀಳಿ, ಸುಟ್ಟು, ತೂಗಿ, ಎರಡು ವರ್ಷ ಅದನ್ನೇ ಬರೆದೆ. ಪರೀಕ್ಷಕರು ಬಹಳ ಹೊಗಳಿದರು. ಅಮ್ಮ ಬಿಲ್ಡಿಂಗಿನವರಿಗೆಲ್ಲ ಪೇಢೆ ಹಂಚಿದಳು.

ಕಾಶವ್ವನ ಗುಂಪು ಆಗ ಘಾಟಕೋಪರದಲ್ಲಿ ಬೇರೊಂದು ಬಿಲ್ಡಿಂಗಿನ ಕೆಲಸಕ್ಕಿತ್ತು. ಹುಡುಕಿಕೊಂಡು ಹೋದೆ. ನಾಲ್ಕನೆಯ ಮಾಳಿಗೆಗೆ ಗಾರೆ ಹೊರುತ್ತಿದ್ದಳು. ನನ್ನನ್ನು ಕಂಡು ಕೆಳಗಿಳಿದು ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ರೇಣವ್ವ ಅಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ, ಆಮೇಲೆ ಬಸುರು ನಿಂತಿಲ್ಲ ಎಂದಳು. ನಾನು ಪೇಢೆ ಕೊಟ್ಟು, ಆ ನೀರಿನ ಓದು ಮುಗಿಯಿತು, ದೊಡ್ಡ ಪರೀಕ್ಷೆ ಪಾಸಾದೆ ಎಂದು ಹೇಳಿದೆ.

ಅವಳ ಮುಖ ಅರಳಿತು. "ಹಂಗಾದ್ರ ನೀರ ಸುದ್ದ ಮಾಡೂದ ಸಿಕ್ತೇನ್ರಿ ಅಕ್ಕಾರ?"

"ಇಲ್ಲ ಕಾಶವ್ವಾ. ಅದು ಯಾಕ ಆಗಲಿಲ್ಲ ಅನ್ನೂದನ್ನ ಬರದೀನಿ."

ಅವಳು ಕೈಗಂಟಿದ ಗಾರೆಯನ್ನು ಸೀರೆಗೆ ಒರೆಸಿಕೊಂಡಳು. "ಇರ್ಲಿ ಬಿಡ್ರಿ. ಅದನ್ನೂ ಯಾರರೆ ಬರೀಬೇಕಲ್ಲ" ಎಂದಳು. ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ರೇಣವ್ವನಿಗೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಮೇಲಿನಿಂದ ಮೇಸ್ತ್ರಿ ಕೂಗಿದ. ಅವಳು ಸಿಂಬೆ ಸರಿಮಾಡಿಕೊಂಡು, ಬುಟ್ಟಿ ತಲೆಗೇರಿಸಿಕೊಂಡು, ಬಿದಿರಿನ ಅಟ್ಟಣಿಗೆ ಹತ್ತಿ ಹೋದಳು.